ಹಾಲ್‌ಗೆ ದೊಡ್ಡ ಟಿವಿ: ಓಎಲ್‌ಇಡಿ ತಗೊಳ್ಳೋದಾ, ಮಿನಿ ಎಲ್‌ಇಡಿ ತಗೊಳ್ಳೋದಾ?

ನಿಟ್ಟುವಳ್ಳಿ_ಹೊಸಮನೆ

ದಾವಣಗೆರೆ ಕಡೆ ಯಾರಾದರೂ ಇತ್ತೀಚೆಗೆ 65 ಇಂಚು ಅಥವಾ ಅದಕ್ಕಿಂತ ದೊಡ್ಡ ಟಿವಿ ತಗೊಂಡಿದ್ದೀರಾ? ನನಗಂತೂ ತಲೆ ಕೆಟ್ಟುಹೋಗಿದೆ.

ನಿಟ್ಟುವಳ್ಳಿಯಲ್ಲಿ ಹೊಸ ಮನೆ. ಹಾಲ್‌ನಲ್ಲಿ ಸೋಫಾದಿಂದ ಗೋಡೆಗೆ ಸುಮಾರು 11 ಅಡಿ. ಪಶ್ಚಿಮಕ್ಕೆ ದೊಡ್ಡ ಕಿಟಕಿ ಇದೆ, ಮಧ್ಯಾಹ್ನ ಮೂರರ ಮೇಲೆ ಬಿಸಿಲು ಸೀದಾ ಒಳಗೆ. ಕರ್ಟನ್ ಎಳೆದರೆ ಹಗಲು ಹೊತ್ತಲ್ಲಿ ಮನೆ ಕತ್ತಲೆ ಮಾಡಬೇಡ ಅಂತ ಅಮ್ಮ ಬೈತಾರೆ. ಬಜೆಟ್ ಒಂದೂವರೆ ಲಕ್ಷ. ತೀರಾ ಒಳ್ಳೆಯದು ಸಿಕ್ಕರೆ ಇನ್ನೊಂದು ಹತ್ತು ಸಾವಿರ ಎಳೆಯಬಹುದು, ಅಷ್ಟೇ.

ನೋಡುವವರ ಪಟ್ಟಿ ಹೀಗಿದೆ. ಅಪ್ಪನಿಗೆ ಬೆಳಗಿನ ಕಾಫಿಯಿಂದ ಮಧ್ಯಾಹ್ನದ ಊಟದವರೆಗೆ ಕನ್ನಡ ನ್ಯೂಸ್ ಚಾನೆಲ್, ಒಂದೇ ಚಾನೆಲ್, ಬದಲಾಯಿಸಿದರೆ ಸಿಟ್ಟು. ಸಂಜೆ ಅಮ್ಮನ ಧಾರಾವಾಹಿ. ಹತ್ತರ ಮೇಲೆ ನಾನೂ ನನ್ನ ಹೆಂಡತಿಯೂ ಒಟಿಟಿಯಲ್ಲಿ ಸಿನಿಮಾ ನೋಡುತ್ತೇವೆ. ಐಪಿಎಲ್ ಬಂತೆಂದರೆ ಅಕ್ಕಪಕ್ಕದ ಮನೆಯವರೂ ಸೇರಿ ಸೋಫಾ, ದಿವಾನ, ನೆಲ ಎಲ್ಲಾ ಭರ್ತಿ.

ಮೂರು ಅಂಗಡಿ ಸುತ್ತಿದೆ. ಒಬ್ಬರು ಓಎಲ್‌ಇಡಿ ಬಿಟ್ಟು ಬೇರೆ ನೋಡಲೇಬೇಡಿ ಅಂದರು. ಇನ್ನೊಬ್ಬರು ಓಎಲ್‌ಇಡಿ ಸುಟ್ಟುಹೋಗುತ್ತೆ ಸರ್, ಮಿನಿ ಎಲ್‌ಇಡಿ ತಗೊಳ್ಳಿ ಅಂದರು. ಮೂರನೆಯವರಂತೂ ಕ್ಯೂಎಲ್‌ಇಡಿ, ಓಎಲ್‌ಇಡಿ ಎರಡೂ ಒಂದೇ, ಕಂಪನಿ ಬೇರೆ ಅಷ್ಟೇ ಅಂತ ಹೇಳಿ ಚಹಾ ಕುಡಿಸಿ ಕಳಿಸಿದರು. ಯಾರ ಮಾತು ನಂಬಲಿ?

ಪ್ಯಾನಲ್_ರಿಪೇರಿ

ಮೂರನೆಯವರ ಚಹಾ ನಂಬಿ, ಮಾತು ಬೇಡ.

ಕ್ಯೂಎಲ್‌ಇಡಿ ಅಂದರೆ ಎಲ್‌ಸಿಡಿ ಟಿವಿನೇ. ಹಿಂದೆ ಎಲ್‌ಇಡಿ ದೀಪ, ಮಧ್ಯೆ ಕ್ವಾಂಟಮ್ ಡಾಟ್ ಅನ್ನುವ ಅತಿ ಸಣ್ಣ ಕಣಗಳಿರುವ ಒಂದು ಹಾಳೆ, ಮುಂದೆ ಎಲ್‌ಸಿಡಿ ಪ್ಯಾನಲ್. ಆ ಹಾಳೆಯಿಂದ ಬಣ್ಣ ಚೆನ್ನಾಗಿ ಬರುತ್ತದೆ, ಅದು ನಿಜ. 2023ರ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿದ್ದೇ ಕ್ವಾಂಟಮ್ ಡಾಟ್ ಕೆಲಸಕ್ಕೆ, ಹಾಗಾಗಿ ಪೂರ್ತಿ ಬುರುಡೆ ಅಂತ ಅಂದುಕೊಳ್ಳಬೇಡಿ. ಆದರೆ ರಾತ್ರಿ ಸೀನ್‌ನಲ್ಲಿ ಕಪ್ಪು ಕಪ್ಪಾಗಿಯೇ ಕಾಣುತ್ತದೋ ಬೂದಿ ಬಣ್ಣಕ್ಕೆ ತಿರುಗುತ್ತದೋ ಅನ್ನೋದಕ್ಕೂ ಆ ಹಾಳೆಗೂ ಸಂಬಂಧ ಇಲ್ಲ. ಅದಕ್ಕೆ ಹಿಂದಿನ ದೀಪ ನೋಡಬೇಕು. ಅಗ್ಗದ ಕ್ಯೂಎಲ್‌ಇಡಿಗಳಲ್ಲಿ ದೀಪ ಅಂಚಿನಲ್ಲಿ ಮಾತ್ರ ಇರಬಹುದು, ಅಥವಾ ಹಿಂದೆಲ್ಲಾ ಹರಡಿದ್ದರೂ ಎಲ್ಲವೂ ಒಟ್ಟಿಗೇ ಉರಿಯುತ್ತವೆ. ಮಿನಿ ಎಲ್‌ಇಡಿಯೂ ಎಲ್‌ಸಿಡಿನೇ, ಅದರಲ್ಲಿ ಸಾವಿರಾರು ಪುಟ್ಟ ದೀಪಗಳನ್ನು ನೂರಾರು ಝೋನ್, ಅಂದರೆ ಗುಂಪು, ಮಾಡಿ, ಕತ್ತಲೆ ಇರುವ ಕಡೆ ಆರಿಸುತ್ತಾರೆ. ಓಎಲ್‌ಇಡಿಯಲ್ಲಿ ಹಿಂದೆ ದೀಪವೇ ಇಲ್ಲ. 4ಕೆ ಟಿವಿಯ ಸುಮಾರು 83 ಲಕ್ಷ ಪಿಕ್ಸೆಲ್ ಒಂದೊಂದೂ ತಾನೇ ಉರಿಯುತ್ತದೆ, ತಾನೇ ಆರುತ್ತದೆ.

ಈಗ ನಿಮ್ಮ ಮನೆಗೆ ಬರೋಣ. ನನ್ನ ಕೈಗೆ ಬರುವ ಟಿವಿಗಳನ್ನು ನೋಡಿ ಹೇಳುತ್ತೇನೆ, ನಿಮ್ಮ ಸಮಸ್ಯೆ ಕಿಟಕಿಗಿಂತ ಜಾಸ್ತಿ ನಿಮ್ಮಪ್ಪನವರ ನ್ಯೂಸ್ ಚಾನೆಲ್. ಕೆಳಗೆ ಎರಡು ಪಟ್ಟಿ, ಮೂಲೆಯಲ್ಲಿ ಲೋಗೋ, ಪಕ್ಕದಲ್ಲಿ ಬ್ರೇಕಿಂಗ್ ಅಂತ ಒಂದು ಕೆಂಪು ಡಬ್ಬಿ, ಆ ಬ್ರೇಕಿಂಗ್ ಬೆಳಿಗ್ಗೆಯಿಂದ ಸಂಜೆವರೆಗೂ ಬ್ರೇಕಿಂಗೇ. ಓಎಲ್‌ಇಡಿಯಲ್ಲಿ ಬೆಳಕು ಕೊಡುವುದು ಸಾವಯವ ವಸ್ತು, ಉರಿದಷ್ಟೂ ಸವೆಯುತ್ತದೆ. ಇಡೀ ಪರದೆ ಒಂದೇ ಸಮ ಸವೆದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ದಿನಾ ಐದಾರು ಗಂಟೆ ಒಂದೇ ಜಾಗದಲ್ಲಿ ಗಾಢ ಬಣ್ಣದ ಪಟ್ಟಿ ಉರಿದರೆ ಆ ಜಾಗ ಮಾತ್ರ ಮುಂಚೆ ಸವೆದು, ಆಮೇಲೆ ನೀವು ಸಿನಿಮಾ ಹಾಕಿದರೂ ಪಟ್ಟಿಯ ಗುರುತು ತೆಳ್ಳಗೆ ಕಾಣುತ್ತದೆ. ಅದೇ ಬರ್ನ್ ಇನ್. ಎಲ್ಲರಿಗೂ ಆಗುತ್ತದೆ ಅಂತ ಅಲ್ಲ, ನಿಮ್ಮ ಮನೆಯ ಬಳಕೆ ಅದಕ್ಕೆ ಹೇಳಿಮಾಡಿಸಿದ ಹಾಗಿದೆ ಅಂತ.

ಮಿನಿ ಎಲ್‌ಇಡಿ ತಗೊಳ್ಳಿ.

ದುರ್ಗದ_ಹೈದ

ಪ್ಯಾನಲ್ ಅಣ್ಣ ಸುಮ್ನೆ ಹೆದರಿಸುತ್ತಿದ್ದಾರೆ. ಅವರ ಹತ್ತಿರ ಬರುವುದೇ ಕೆಟ್ಟ ಟಿವಿ, ಚೆನ್ನಾಗಿರುವವು ಎಲ್ಲಿ ಬರುತ್ತವೆ?

ನಾನಿರುವುದು ಚಿತ್ರದುರ್ಗದಲ್ಲಿ. ಮಹಡಿ ಮೇಲಿನ ರೂಮಿನಲ್ಲಿ 55 ಇಂಚಿನ ಓಎಲ್‌ಇಡಿ ಇದೆ. ಲೈಟ್ ಆರಿಸಿ ಒಂದು ಒಳ್ಳೆ ಸಿನಿಮಾ ಹಾಕಿದರೆ ಟಿವಿಯ ಅಂಚು ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಯಿತು ಅನ್ನೋದೇ ತಿಳಿಯುವುದಿಲ್ಲ. ಮಿನಿ ಎಲ್‌ಇಡಿಯಲ್ಲಿ ಎಷ್ಟೇ ಝೋನ್ ಇರಲಿ, 83 ಲಕ್ಷ ಪಿಕ್ಸೆಲ್ ಮುಂದೆ ಸಾವಿರ ಝೋನ್ ಅಂದರೆ ಏನು ಲೆಕ್ಕ? ಕಪ್ಪು ಹಿನ್ನೆಲೆಯಲ್ಲಿ ಬಿಳಿ ಸಬ್‌ಟೈಟಲ್ ಬಂದರೆ ಸುತ್ತ ಮಬ್ಬು ಬೆಳಕು ಹರಡಿಕೊಳ್ಳುತ್ತದೆ. ಒಂದು ಸಲ ಕಣ್ಣಿಗೆ ಬಿದ್ದರೆ ಆಮೇಲೆ ಅದನ್ನೇ ನೋಡುತ್ತಾ ಕೂರುತ್ತೀರಿ.

ಗೇಮ್ ಆಡುವವರಿದ್ದರೆ ಕೇಳುವುದೇ ಬೇಡ. ಓಎಲ್‌ಇಡಿ ಪಿಕ್ಸೆಲ್ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಬದಲಾಗುತ್ತದೆ. ಎಲ್‌ಸಿಡಿಗೆ ಹಲವು ಮಿಲಿಸೆಕೆಂಡ್ ಬೇಕು, ಅಷ್ಟರಲ್ಲಿ ಚೆಂಡಿನ ಹಿಂದೆ ಬಾಲ ಬಂದಿರುತ್ತದೆ.

ಬರ್ನ್ ಇನ್ ಬಗ್ಗೆ ಹೇಳುವುದಾದರೆ ಈಗಿನ ಟಿವಿಗಳು ಲೋಗೋ ಗುರುತಿಸಿ ಅಷ್ಟು ಜಾಗದ ಬೆಳಕನ್ನು ತಾವೇ ಇಳಿಸುತ್ತವೆ. ಚಿತ್ರವನ್ನು ಆಗಾಗ ಒಂದೆರಡು ಪಿಕ್ಸೆಲ್ ಆಚೆ ಈಚೆ ಸರಿಸುತ್ತಿರುತ್ತವೆ. ಇದು 2013ರ ಕಾಲ ಅಲ್ಲ.

ವಿದ್ಯಾನಗರ_ಅಕ್ಕ

ಇಬ್ಬರೂ ಸರಿ ಹೇಳಿದ್ದೀರಿ, ಆದರೆ ಹೈದ ತಮ್ಮ, ನೀನು ಹೇಳುವುದು ಕತ್ತಲೆ ರೂಮಿನ ಕಥೆ. ಅವರದು ಪಶ್ಚಿಮದ ಕಿಟಕಿ. ನಮ್ಮ ಊರಿನ ಮಾರ್ಚ್ ಬಿಸಿಲು ನಿನಗೂ ಗೊತ್ತು.

ಬೆಳಕಿನ ವಿಷಯದಲ್ಲಿ ಅಂಗಡಿಯವರು ಒಂದು ಆಟ ಆಡುತ್ತಾರೆ. ಪೀಕ್ ಬ್ರೈಟ್‌ನೆಸ್ 1000 ನಿಟ್ಸ್, 1500 ನಿಟ್ಸ್ ಅಂತ ದೊಡ್ಡದಾಗಿ ಹೇಳುತ್ತಾರೆ, ನಿಟ್ಸ್ ಅಂದರೆ ಪರದೆಯ ಬೆಳಕಿನ ಅಳತೆ. ಓಎಲ್‌ಇಡಿಯಲ್ಲಿ ಅದು ಪರದೆಯ ಸಣ್ಣ ಜಾಗಕ್ಕೆ ಮಾತ್ರ, ದೀಪ, ಚಂದ್ರ, ಪಟಾಕಿ ಇಂಥದ್ದಕ್ಕೆ. ಪರದೆ ತುಂಬ ಬೆಳಕಿನ ದೃಶ್ಯ ಬಂದಾಗ ಟಿವಿ ತನ್ನಷ್ಟಕ್ಕೆ ಬೆಳಕು ಇಳಿಸಿಕೊಳ್ಳುತ್ತದೆ. ನಿಮ್ಮ ಬಜೆಟ್ಟಿನ ಓಎಲ್‌ಇಡಿಯಲ್ಲಿ ಇಡೀ ಪರದೆ ಬಿಳಿ ಮಾಡಿದರೆ 200 ನಿಟ್ಸ್ ಆಸುಪಾಸು ಸಿಗಬಹುದು. ಹಗಲು ಮ್ಯಾಚ್‌ನ ಗ್ರೌಂಡ್ ಅಂದರೆ ಹೆಚ್ಚೂಕಡಿಮೆ ಅದೇ ಸ್ಥಿತಿ. ಒಳ್ಳೆಯ ಮಿನಿ ಎಲ್‌ಇಡಿ ಅಲ್ಲಿ ಎರಡು ಮೂರು ಪಟ್ಟು ಬೆಳಕು ಕೊಡುತ್ತದೆ. ಸಂಜೆ ನಾಲ್ಕು ಗಂಟೆಗೆ ಕರ್ಟನ್ ಹಾಕದೆ ಕ್ರಿಕೆಟ್ ನೋಡುವ ಮನೆಗೆ ಇದೇ ಮುಖ್ಯ.

ಆದರೆ ಮಿನಿ ಎಲ್‌ಇಡಿಯಲ್ಲಿ ಒಂದು ತೊಂದರೆ ಇದೆ, ಅದನ್ನು ಯಾರೂ ಹೇಳಲಿಲ್ಲ. ನಿಮ್ಮ ದಿವಾನ ಎಲ್ಲಿದೆ? ಟಿವಿಗೆ ಎದುರಾ, ಪಕ್ಕಕ್ಕಾ? ಎಲ್‌ಸಿಡಿ ಪ್ಯಾನಲ್ ಎರಡು ಥರ ಬರುತ್ತದೆ. ವಿಎ ಪ್ಯಾನಲ್‌ನಲ್ಲಿ ಕಪ್ಪು ಚೆನ್ನ, ಕಾಂಟ್ರಾಸ್ಟ್, ಅಂದರೆ ಬಿಳಿ ಕಪ್ಪಿನ ಬೆಳಕಿನ ಅನುಪಾತ, 3000ಕ್ಕೆ 1 ಅಥವಾ ಅದಕ್ಕೂ ಮೇಲೆ. ಆದರೆ ಪಕ್ಕದಿಂದ ನೋಡಿದರೆ ಬಣ್ಣ ತೊಳೆದು ಹಾಕಿದ ಹಾಗೆ ಪೇಲವ ಆಗುತ್ತದೆ. ಐಪಿಎಸ್ ಪ್ಯಾನಲ್ ಪಕ್ಕದಿಂದಲೂ ಚೆನ್ನಾಗಿ ಕಾಣುತ್ತದೆ, ಕಾಂಟ್ರಾಸ್ಟ್ ಮಾತ್ರ 1000ಕ್ಕೆ 1ರ ಹತ್ತಿರ, ರಾತ್ರಿ ಸಿನಿಮಾಗೆ ಮಜಾ ಇಲ್ಲ. ಓಎಲ್‌ಇಡಿಗೆ ಈ ತಲೆನೋವೇ ಇಲ್ಲ, ಎಲ್ಲಿ ಕೂತರೂ ಒಂದೇ. ನಿಮ್ಮ ಮನೆಗೆ ಬರುವ ಜನ ನೋಡಿದರೆ ದಿವಾನದ ಮೇಲೆ ಕೂತವರ ಬಗ್ಗೆಯೂ ಸ್ವಲ್ಪ ಯೋಚಿಸಿ.

ಇನ್ನೊಂದು ಮಾತು. ಹಳೆಯ ಟಿವಿ ಇದೆಯಲ್ವಾ? ಅದನ್ನು ಅಪ್ಪನ ರೂಮಿಗೆ ಹಾಕಿ, ನ್ಯೂಸ್ ಅಲ್ಲಿ ನೋಡಲಿ. ಬರ್ನ್ ಇನ್ ಚಿಂತೆ ಅರ್ಧ ಹೋಯಿತು.

ನಿಟ್ಟುವಳ್ಳಿ_ಹೊಸಮನೆ

ಅಕ್ಕ, ಹಳೆಯ 43 ಇಂಚು ಇದೆ. ಅಪ್ಪನಿಗೆ ಹೇಳಿ ನೋಡಿದೆ. "ನ್ಯೂಸ್ ನೋಡೋಕೆ ನಾನೇನು ರೂಮಲ್ಲಿ ಅಡಗಿಕೊಳ್ಳಬೇಕಾ?" ಅಂದರು. ಅವರ ಸ್ನೇಹಿತರು ಬಂದು ಕೂರುವುದು ಹಾಲ್‌ನಲ್ಲೇ, ಚರ್ಚೆ ನಡೆಯುವುದೂ ಅಲ್ಲೇ. ಆ ದಾರಿ ಮುಚ್ಚಿತು.

ದಿವಾನ ಪಕ್ಕದ ಗೋಡೆಗೆ ಒರಗಿದೆ. ಅಲ್ಲಿಂದ ನೋಡಿದರೆ ಒಳ್ಳೆ ಓರೆಯಾಗೇ ಕಾಣುತ್ತದೆ.

ಇನ್ನು ಮೂರು ಪ್ರಶ್ನೆ. ಒಂದು, 75 ಇಂಚು ಜಾಸ್ತಿ ಆಯಿತಾ? ಎರಡು, ನಮ್ಮ ಮನೆಯಲ್ಲಿ ಮಲಗುವ ಮುಂಚೆ ಟಿವಿ ಸ್ವಿಚ್ ಗೋಡೆಯಲ್ಲೇ ಆಫ್ ಮಾಡುವ ಪದ್ಧತಿ, ಅಮ್ಮ ಒಂದು ರೌಂಡ್ ಹೊಡೆದು ಎಲ್ಲಾ ಸ್ವಿಚ್ ಆರಿಸಿಯೇ ಮಲಗೋದು. ಅದರಿಂದ ಏನಾದರೂ ತೊಂದರೆ ಇದೆಯಾ? ಮೂರು, ಕರೆಂಟ್ ಹೋಗಿ ಬರುವ ಕಡೆ ಸ್ಟೆಬಿಲೈಸರ್ ಬೇಕಾ?

ಪ್ಯಾನಲ್_ರಿಪೇರಿ

ಎರಡನೇ ಪ್ರಶ್ನೆ ಕೇಳಿದ್ದು ಬಹಳ ಒಳ್ಳೆಯದಾಯಿತು. ಹೈದ ಹೇಳಿದ ರಕ್ಷಣೆಗಳ ಜೊತೆ ಓಎಲ್‌ಇಡಿಗೆ ಇನ್ನೊಂದು ಇದೆ, ಅದು ನಡೆಯುವುದು ಟಿವಿ ಆಫ್ ಆದ ಮೇಲೆ. ಕೆಲವು ಗಂಟೆ ಓಡಿದ ಮೇಲೆ, ಹೆಚ್ಚಿನವುಗಳಲ್ಲಿ ಒಟ್ಟು ನಾಲ್ಕು ಗಂಟೆ ಅಂತ ಇಟ್ಟಿರುತ್ತಾರೆ, ರಿಮೋಟಿನಿಂದ ಆಫ್ ಮಾಡಿದಾಗ ಟಿವಿ ಒಳಗೊಳಗೇ ಪಿಕ್ಸೆಲ್‌ಗಳನ್ನು ಅಳೆದು ಏರುಪೇರು ಸರಿಮಾಡಿಕೊಳ್ಳುತ್ತದೆ. ಪರದೆ ಕಪ್ಪಗಿರುತ್ತದೆ, ನಿಮಗೆ ಏನೂ ಕಾಣುವುದಿಲ್ಲ. ಆ ಹೊತ್ತಿಗೆ ಪ್ಲಗ್‌ನಲ್ಲಿ ಕರೆಂಟ್ ಇರಬೇಕು. ನಿಮ್ಮಮ್ಮ ರಿಮೋಟ್ ಒತ್ತಿ ಹಿಂದೆಯೇ ಗೋಡೆ ಸ್ವಿಚ್ ಆರಿಸಿದರೆ ಆ ಕೆಲಸ ಆಗುವುದೇ ಇಲ್ಲ. ದಿನಾ ಹೀಗೇ ಆದರೆ ಕಂಪನಿ ಕೊಟ್ಟ ರಕ್ಷಣೆ ಕಾಗದದ ಮೇಲೆ ಮಾತ್ರ ಇರುತ್ತದೆ. ನಮ್ಮ ಕಡೆ ಹತ್ತರಲ್ಲಿ ಎಂಟು ಮನೆಯಲ್ಲಿ ಸ್ವಿಚ್ ಆರಿಸುತ್ತಾರೆ ಅಂತ ನನ್ನ ಅಂದಾಜು, ಅಂಗಡಿಯವರು ಇದನ್ನು ಹೇಳಿದ್ದು ನಾನಂತೂ ಕೇಳಿಲ್ಲ. ಎಲ್‌ಸಿಡಿ, ಮಿನಿ ಎಲ್‌ಇಡಿಗೆ ಇದು ಬೇಕಿಲ್ಲ, ಆರಾಮಾಗಿ ಆರಿಸಬಹುದು.

ಸ್ಟೆಬಿಲೈಸರ್: ಟಿವಿ ಹಿಂದಿನ ಚೀಟಿ ಓದಿ. ಬಹಳಷ್ಟು ಟಿವಿಗಳಲ್ಲಿ 100ರಿಂದ 240 ವೋಲ್ಟ್ ಅಂತ ಇರುತ್ತದೆ. ಹಾಗಿದ್ದರೆ ವೋಲ್ಟೇಜ್ ಕಡಿಮೆಯಾದರೂ ಟಿವಿ ತಾನೇ ಸಂಭಾಳಿಸುತ್ತದೆ. ಹಾಳು ಮಾಡುವುದು ಕರೆಂಟ್ ಬಂದ ಕ್ಷಣದ ಏಟು ಮತ್ತು ಸಿಡಿಲು. ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ಹಾಕಿ, ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಅರ್ಥಿಂಗ್ ಇಲ್ಲದಿದ್ದರೆ ಪ್ರೊಟೆಕ್ಟರ್ ಪೂರ್ತಿ ಕೆಲಸ ಮಾಡುವುದಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ ಕಿತ್ತರೆ ಸಾಲದು, ಡಿಶ್ ಕೇಬಲ್ ಕೂಡ ಸೆಟ್ ಟಾಪ್ ಬಾಕ್ಸಿನಿಂದ ತೆಗೆಯಿರಿ. ಏಟು ಛಾವಣಿಯ ಡಿಶ್‌ನಿಂದ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಕೇಬಲ್ ಹಿಡಿದು ಟಿವಿ ಬೋರ್ಡಿಗೆ ಬರುತ್ತದೆ. ಸಿಡಿಲಿನ ಮಾರನೇ ದಿನ ನನ್ನ ಹತ್ತಿರ ಬರುವ ಟಿವಿಗಳಲ್ಲಿ ಎಚ್‌ಡಿಎಂಐ ಪೋರ್ಟ್ ಸತ್ತಿರುವುದೇ ಜಾಸ್ತಿ.

ರಿಪೇರಿ ಬಗ್ಗೆಯೂ ಹೇಳಿಬಿಡುತ್ತೇನೆ. ಸಾದಾ ಎಲ್‌ಇಡಿ ಟಿವಿಯಲ್ಲಿ ದೀಪದ ಪಟ್ಟಿ ಹೋದರೆ ಕೆಲವು ಸಾವಿರದಲ್ಲಿ ಮುಗಿಯುತ್ತದೆ. ದೊಡ್ಡ ಟಿವಿಯ ಪ್ಯಾನಲ್ಲೇ ಹೋದರೆ, ಅದು ಓಎಲ್‌ಇಡಿ ಇರಲಿ ಮಿನಿ ಎಲ್‌ಇಡಿ ಇರಲಿ, ಕೇಳುವ ದುಡ್ಡಿಗೆ ಹೊಸದೇ ತಗೊಳ್ಳೋಣ ಅನ್ನಿಸುತ್ತದೆ. ಹಾಗಾಗಿ ಪ್ಯಾನಲ್ ವಾರಂಟಿ ಎಷ್ಟು ವರ್ಷ, ಬರ್ನ್ ಇನ್ ಅದರಲ್ಲಿ ಸೇರಿದೆಯಾ ಇಲ್ಲವಾ ಅನ್ನೋದನ್ನು ಬಾಯಿಮಾತಲ್ಲಿ ಬೇಡ, ವಾರಂಟಿ ಕಾರ್ಡ್ ತೆಗೆಸಿ ಓದಿ.

ವಿದ್ಯಾನಗರ_ಅಕ್ಕ

75 ಇಂಚು ಜಾಸ್ತಿ ಆಗುವುದಿಲ್ಲ. ಒಂದು ಸುಲಭ ಲೆಕ್ಕ ಇದೆ, ಟಿವಿಯ ಇಂಚನ್ನು 1.6ರಿಂದ ಗುಣಿಸಿ, ಬಂದದ್ದು ಕೂರಬೇಕಾದ ದೂರ. 65ಕ್ಕೆ 104 ಇಂಚು, ಅಂದರೆ ಎಂಟೂವರೆ ಅಡಿ ಮೇಲೆ ಸ್ವಲ್ಪ. 75ಕ್ಕೆ 120 ಇಂಚು, ಸರಿಯಾಗಿ 10 ಅಡಿ. ನಿಮಗೆ 11 ಅಡಿ ಇದೆ, 75 ಹಾಯಾಗಿ ಹಿಡಿಸುತ್ತದೆ. ಅಗಲ ಸುಮಾರು 166 ಸೆಂಟಿಮೀಟರ್ ಬರುತ್ತದೆ. ಮುಂಚೆ ಗೋಡೆ ಮೇಲೆ ನ್ಯೂಸ್‌ಪೇಪರ್ ಅಂಟಿಸಿ ನೋಡಿ. ಮೆಟ್ಟಿಲು ತಿರುವಿನಲ್ಲಿ ಡಬ್ಬಿ ಹಾಯುತ್ತದಾ ಅಂತಲೂ ಅಳೆಯಿರಿ.

ಆದರೆ ಅಮ್ಮನ ಧಾರಾವಾಹಿ ಎಸ್‌ಡಿ ಚಾನೆಲ್‌ನಲ್ಲಿ ಬರುತ್ತಿದ್ದರೆ ಮೊದಲು ಎಚ್‌ಡಿ ಪ್ಯಾಕ್ ಹಾಕಿಸಿ. ಎಸ್‌ಡಿ ಅಂದರೆ 720 ಗುಣಿಸು 576, ಸುಮಾರು 4 ಲಕ್ಷ ಪಿಕ್ಸೆಲ್. ಅದನ್ನು 83 ಲಕ್ಷಕ್ಕೆ ಎಳೆದರೆ ನಾಯಕಿಯ ಮುಖ ಮೇಣದ ಹಾಗೆ ಕಾಣುತ್ತದೆ, ಯಾವ ಪ್ಯಾನಲ್ ಇದ್ದರೂ ಅಷ್ಟೇ.

ಮಂಡಿಪೇಟೆ_ಮಂಜ

ಪ್ರೊಜೆಕ್ಟರ್ ಹಾಕಿ ಗುರು. 100 ಇಂಚು. ಕಮ್ಮಿ ರೇಟು.

ದುರ್ಗದ_ಹೈದ

ಮಂಜಣ್ಣ, ಪಶ್ಚಿಮದ ಬಿಸಿಲಲ್ಲಿ ಪ್ರೊಜೆಕ್ಟರ್ ಹಾಕಿದರೆ ಗೋಡೆಗೆ ಹೊಡೆದ ಸುಣ್ಣ ಮಾತ್ರ ಕಾಣುತ್ತದೆ.

ಸರಿ, ನ್ಯೂಸ್ ವಿಷಯ ಕೇಳಿದ ಮೇಲೆ ನಾನೂ ಓಎಲ್‌ಇಡಿ ಅಂತ ಹಟ ಹಿಡಿಯುವುದಿಲ್ಲ, ಅದರಲ್ಲೂ ಅಮ್ಮನ ಸ್ವಿಚ್ ರೌಂಡ್ ಕೇಳಿದ ಮೇಲೆ. ಆದರೆ ಮಿನಿ ಎಲ್‌ಇಡಿ ಅಂತ ಡಬ್ಬಿ ಮೇಲೆ ಬರೆದಿದ್ದೆಲ್ಲಾ ಒಂದೇ ಅಲ್ಲ. ಝೋನ್ ಎಷ್ಟು ಅಂತ ಕೇಳಿ. ಕೆಲವು ಅಗ್ಗದವುಗಳಲ್ಲಿ ಝೋನ್ ಬಹಳ ಕಮ್ಮಿ, ಹೆಸರು ಮಾತ್ರ ದೊಡ್ಡದು. ಸಂಖ್ಯೆ ಹೇಳದೆ ಮಾತು ಹಾರಿಸಿದರೆ ಎದ್ದು ಬನ್ನಿ. ಹಾಗೇ ಮೋಷನ್ ರೇಟ್ 120 ಅಂತ ಬರೆದಿದ್ದರೆ ನಂಬಬೇಡಿ, ಒಳಗೆ ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸುವ 60 ಹರ್ಟ್ಝ್ ಪ್ಯಾನಲ್ ಇರಬಹುದು. ಪ್ಯಾನಲ್‌ನ ನೇಟಿವ್ ರಿಫ್ರೆಶ್ ರೇಟ್ ಎಷ್ಟು ಅಂತಲೇ ಕೇಳಿ.

ಸಿನಿಮಾ ನೋಡುವವರಾದ್ದರಿಂದ ಇದೂ ಇರಲಿ: ಬೆಳಕು ಕತ್ತಲೆಯ ವ್ಯತ್ಯಾಸ ಹೆಚ್ಚು ತೋರಿಸುವ ಎಚ್‌ಡಿಆರ್ ಚಿತ್ರದಲ್ಲಿ ಬೇರೆ ಬೇರೆ ಥರ ಇವೆ, ಸ್ಯಾಮ್‌ಸಂಗ್ ಟಿವಿಗಳಲ್ಲಿ ಅದರ ಡಾಲ್ಬಿ ವಿಷನ್ ಇಲ್ಲ, ಅವರದು ಎಚ್‌ಡಿಆರ್10 ಪ್ಲಸ್. ಒಟಿಟಿಯಲ್ಲಿ ಡಾಲ್ಬಿ ವಿಷನ್ ಸಿನಿಮಾ ಹಾಕಿದರೆ ಅದರಲ್ಲಿ ಸಾದಾ ಎಚ್‌ಡಿಆರ್ ಆಗಿ ಓಡುತ್ತದೆ. ನನಗೆ ಅದು ದೊಡ್ಡ ವಿಷಯ, ನಿಮ್ಮಪ್ಪನಿಗೆ ಅಲ್ಲ.

ಹೊನ್ನಾಳಿ_ಹುಡುಗ

ಈಗ ಆರ್‌ಜಿಬಿ ಮಿನಿ ಎಲ್‌ಇಡಿ ಅಂತ ಬಂದಿದೆಯಲ್ಲ, 2025ರಲ್ಲಿ ಹೈಸೆನ್ಸ್ 116 ಇಂಚಿನದು ತೋರಿಸಿತ್ತು. ಹಿಂದಿನ ದೀಪವೇ ಕೆಂಪು, ಹಸಿರು, ನೀಲಿ ಬೇರೆ ಬೇರೆ. ಅದಕ್ಕೆ ಕಾಯಬಹುದಲ್ವಾ?

ಪ್ಯಾನಲ್_ರಿಪೇರಿ

ಕಾಯುತ್ತಾ ಕೂತರೆ ಯಾವತ್ತೂ ಟಿವಿ ತಗೊಳ್ಳಲ್ಲ ತಮ್ಮ. ಅದು ಇವರ ಬಜೆಟ್ಟಿಗೆ ಬರುವ ಹೊತ್ತಿಗೆ ಇನ್ನೊಂದು ಬಂದಿರುತ್ತದೆ. ರೇಟಿನ ಕಾರಣಕ್ಕೆ ಕಾಯುವುದಾದರೂ, ದೊಡ್ಡ ಟಿವಿ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದಲೇ ಶೇಕಡ 28ರಿಂದ 18ಕ್ಕೆ ಇಳಿದಾಗಿದೆ.

ನಿಟ್ಟುವಳ್ಳಿ_ಹೊಸಮನೆ

ನಿನ್ನೆ ಹೋಗಿ ನೋಡಿಕೊಂಡು ಬಂದೆ. ಈ ಸಲ ಅಂಗಡಿಯವರ ಡೆಮೋ ವಿಡಿಯೋ ನಿಲ್ಲಿಸಿ, ನ್ಯೂಸ್ ಚಾನೆಲ್ ಹಾಕಿ ಅಂದೆ. ವಿವಿಡ್ ಮೋಡ್‌ನಿಂದ ಸಿನಿಮಾ ಮೋಡ್‌ಗೆ ತರಿಸಿದೆ. ಅರ್ಧಕ್ಕರ್ಧ ಟಿವಿಗಳ ಹೊಳಪು ಅಲ್ಲೇ ಇಳಿಯಿತು. ಆಮೇಲೆ ಓರೆಗೆ ಹೋಗಿ ನಿಂತೆ. ಅಕ್ಕ ಹೇಳಿದ್ದು ನಿಜ, ಒಂದು 75 ಇಂಚಿನ ಮಿನಿ ಎಲ್‌ಇಡಿಯಲ್ಲಿ ನಿರೂಪಕರ ಕೆಂಪು ಕೋಟು ಪಕ್ಕದಿಂದ ತಿಳಿ ಗುಲಾಬಿ ಆಗಿತ್ತು. ಪಕ್ಕದಲ್ಲಿದ್ದ ಇನ್ನೊಂದು ಕಂಪನಿಯದು ಪರವಾಗಿಲ್ಲ, ಓರೆ ನೋಟಕ್ಕೆ ಬೇರೆ ಪದರ ಹಾಕಿದ್ದಾರೆ ಅಂದರು. ಝೋನ್ ಎಷ್ಟು ಅಂತ ಕೇಳಿದ್ದಕ್ಕೆ ಸೇಲ್ಸ್ ಹುಡುಗ ಒಳಗೆ ಹೋಗಿ ಫೋನ್ ಮಾಡಿ ಬಂದು 500ರ ಮೇಲಿದೆ ಅಂದ. ಮೊದಲಿನದಕ್ಕೆ ಸಂಖ್ಯೆ ಸಿಗಲೇ ಇಲ್ಲ.

ಆ ಎರಡನೆಯದು ಬಜೆಟ್ ಒಳಗೇ ಬರುತ್ತದೆ, ಉಳಿದ ದುಡ್ಡಲ್ಲಿ ಒಂದು ಸಾಧಾರಣ ಸೌಂಡ್‌ಬಾರ್ ಆಗಬಹುದು. ದಿವಾನವನ್ನು ಎದುರಿಗೆ ಸ್ವಲ್ಪ ತಿರುಗಿಸೋಣ ಅಂತ ಹೆಂಡತಿ ಹೇಳಿದ್ದಾಳೆ. ರಾತ್ರಿ ಸಿನಿಮಾಗೆ ಓಎಲ್‌ಇಡಿ ಕಪ್ಪು ಮನಸ್ಸಲ್ಲಿ ಕೂತಿದೆ ಹೈದ, ಸುಳ್ಳು ಹೇಳಲ್ಲ. ಆದರೆ ಅದು ದಿನಕ್ಕೆ ಎರಡು ಗಂಟೆಯ ಸುಖ, ಉಳಿದದ್ದೆಲ್ಲಾ ಅಪ್ಪ ಅಮ್ಮನ ಟಿವಿ.

ಭಾನುವಾರ ಮನೆಗೆ ಬರುತ್ತದೆ. ಬಂದಾಗ ಏನು ನೋಡಬೇಕು?

ದುರ್ಗದ_ಹೈದ

ಮುಂದಿನ ಸಲ ದುರ್ಗಕ್ಕೆ ಬಂದರೆ ನಮ್ಮ ಮನೆಗೆ ಬನ್ನಿ, ಒಂದು ಸಿನಿಮಾ ನೋಡಿಕೊಂಡು ಹೋಗಿ. ಹೊಟ್ಟೆ ಉರಿಯಲಿ.

ಪ್ಯಾನಲ್_ರಿಪೇರಿ

ಡಬ್ಬಿ ನಿಲ್ಲಿಸಿಕೊಂಡೇ ತರಬೇಕು, ಮಲಗಿಸಿ ತಂದಿದ್ದರೆ ಇಳಿಸಿಕೊಳ್ಳುವ ಮುಂಚೆಯೇ ಫೋಟೋ ತೆಗೆಯಿರಿ. ಕಂಪನಿಯ ಹುಡುಗ ಬರುವವರೆಗೆ ಸೀಲ್ ಒಡೆಯಬೇಡಿ. ಅವನ ಎದುರೇ ಆನ್ ಮಾಡಿಸಿ, ಯೂಟ್ಯೂಬ್‌ನಲ್ಲಿ ಬೂದು ಮತ್ತು ಬಿಳಿ ಪರದೆಯ ವಿಡಿಯೋ ಹಾಕಿ ಕಲೆ, ಗೆರೆ, ಸತ್ತ ಪಿಕ್ಸೆಲ್ ಇದೆಯಾ ನೋಡಿ. ಅವನು ಸಹಿ ಕೇಳುವುದು ಆಮೇಲೆ. ಗೋಡೆಗೆ ಹಾಕಿಸುವಾಗ ಅವರು ಅಭ್ಯಾಸಕ್ಕೆ ಮೇಲಕ್ಕೆ ಹಾಕಿಬಿಡುತ್ತಾರೆ. ಸೋಫಾ ಮೇಲೆ ಕೂತಾಗ ಕಣ್ಣು ಬರುವ ಮಟ್ಟಕ್ಕೆ ಟಿವಿಯ ಮಧ್ಯ ಬರಬೇಕು, ಇಲ್ಲದಿದ್ದರೆ ಐಪಿಎಲ್ ಮುಗಿಯುವ ಹೊತ್ತಿಗೆ ಕುತ್ತಿಗೆ ಹಿಡಿಯುತ್ತದೆ. ಹೊಸ ಮನೆ ಅಂದಿರಿ, ಆ ಗೋಡೆ ಹಾಲೋ ಬ್ಲಾಕ್ ಆಗಿದ್ದರೆ ಮುಂಚೆಯೇ ತಿಳಿಸಿ. ಅದಕ್ಕೆ ಬೇರೆ ಬೋಲ್ಟ್ ಬೇಕು, ಅವರು ತರುವ ಸಾದಾ ಪ್ಲಗ್‌ನಲ್ಲಿ 75 ಇಂಚು ನಿಲ್ಲುವುದಿಲ್ಲ.